ಗುಮ್ಮಟದ ಬುಡದ ತಾವರೆ

ಮಿನಾರಿನ ಮೆಟ್ಟಿಲು ಒಬ್ಬರು ಹತ್ತಿದರೆ ಇನ್ನೊಬ್ಬರು ಇಳಿಯಲಾಗದಷ್ಟು ಇಕ್ಕಟ್ಟು.

ಗಾರೆಯ ಬಾಂಡಲಿಯನ್ನು ಸೊಂಟಕ್ಕೆ ಆನಿಸಿಕೊಂಡು ಹತ್ತುತ್ತಿದ್ದ ಚೆಲುವಮ್ಮನ ಎದುರಿಗೆ, ಅಳತೆಯ ಟೇಪು ಹಿಡಿದು ಇಳಿಯುತ್ತಿದ್ದವನು ತಟ್ಟನೆ ನಿಂತ. ಉಸಿರು ತಾಗುವಷ್ಟು ಹತ್ತಿರ...

“ಜಾಗ ಬುಡಿ ಸಾ. ಕೈ ಸೋಲ್ತಾವೆ.”

ಅವನು ಹಿಮ್ಮೆಟ್ಟಿ ಮತ್ತೆ ಮೇಲಕ್ಕೆ ಹತ್ತಿದ.

ಅದು ಸಾವಿರದ ಒಂಬೈನೂರ ಅರವತ್ತೆರಡು. ಕೊಳ್ಳೇಗಾಲದಾಚೆಯ ಹಳೇ ಮಸೀದಿಗೆ ರಿಪೇರಿ ನಡೆದಿತ್ತು. ಅವಳ ಅಪ್ಪ ದೊಡ್ಡಮಾದಯ್ಯ ಗಾರೆ ಮೇಸ್ತ್ರಿ. ಇವನು ಯಳಂದೂರಿನ ಮಹದೇವಯ್ಯ, ಮೈಸೂರಿನ ಕಚೇರಿಯಿಂದ ನಕ್ಷೆ ಬರೆಯಲು ಬಂದವನು.

“ಗುಮ್ಮಟದ ಬುಡಕ್ಕೆ ತಾವರೆ ದಳ ಯಾಕೆ ಮಾಡಿದ್ದಾರೆ?” ಮೇಲೆ ನಿಂತು ಅವನು ಕೇಳಿದ.

“ಮಾಡ್ದೋರು ನಮ್ಮಂತೋರೆಯ ಸಾ. ಗುಡಿಗೂ ಅದೇ ಕೈ, ಮಸೀದಿಗೂ ಅದೇ ಕೈ.”

ಸುಣ್ಣಕ್ಕೆ ಬೆಲ್ಲದ ನೀರು ಎಷ್ಟು, ಅಳಲೆಕಾಯಿ ಎಷ್ಟು, ಕಮಾನಿನ ಅಂಚು ಬಿರಿಯದಂತೆ ಹೇಗೆ ತೀಡಬೇಕು... ತಿಂಗಳಿಡೀ ಅವಳು ಹೇಳಿದಳು, ಅವನು ಬರೆದುಕೊಂಡ. ಅವಳ ಮಾತನ್ನು ಯಾರಾದರೂ ಕಿವಿಗೊಟ್ಟು ಕೇಳಿದ್ದು ಅದೇ ಮೊದಲು.

ಮನೆಯಲ್ಲಿ ಕೇಳುವವರಿರಲಿಲ್ಲ. ಅಕ್ಕ ತೀರಿಕೊಂಡು ವರ್ಷವಾಗಿತ್ತು. ಕೌದಳ್ಳಿಯ ಭಾವ ಪುಟ್ಟಸಿದ್ದಯ್ಯನಿಗೇ ಅವಳನ್ನು ಕೊಡುವುದೆಂದು ಅಪ್ಪ ಮಾತು ಕೊಟ್ಟಿದ್ದ. ಅಕ್ಕನ ಎರಡು ಮಕ್ಕಳ ಮುಖ ನೆನೆದರೆ ಒಲ್ಲೆ ಎನ್ನಲೂ ಆಗುತ್ತಿರಲಿಲ್ಲ. ನಾಲ್ಕು ಕಡೆಯೂ ಗೋಡೆ... ಬಾಗಿಲೆಲ್ಲಿ?

ಒಂದು ದಿನ ಭಾವ ಮದುವಣಗಿತ್ತಿಗೆಂದು ಸೀರೆ, ಹೂವು ಹಿಡಿದು ಮಸೀದಿಗೇ ಬಂದ. ಮಹದೇವಯ್ಯ ದೂರದಿಂದಲೇ ನೋಡಿದ. ಮರುದಿನದಿಂದ ಅವನು ಅವಳೊಡನೆ ಮಾತಾಡಲಿಲ್ಲ. ವಾರದೊಳಗೆ ಪೆಟ್ಟಿಗೆ ಕಟ್ಟಿ ಬಸ್ ಸ್ಟ್ಯಾಂಡಿಗೆ ನಡೆದ.

‘ಬೇಕಾದ್ದ ಬರ್ಕಂಡ, ಒಂಟೋದ’ ಎಂದುಕೊಂಡು ಅವಳು ಕಣ್ಣೊರೆಸಿಕೊಂಡಳು.

ಆಗ ಮಸೀದಿಯ ಹಿರಿಯರಾದ ಮುತವಲ್ಲಿ ಸಾಹೇಬರು ಅವನು ಬಿಟ್ಟುಹೋದ ನಕ್ಷೆಯ ಪ್ರತಿ ತಂದು ತೋರಿಸಿದರು.

“ನೋಡಮ್ಮ, ಕೆಳಗೆ ಬರೆದವ್ನೆ. ‘ಗಾರೆ ಕೆಲಸದ ವಿವರ ತಿಳಿಸಿದವರು ಚೆಲುವಮ್ಮ.’”

ಅವಳು ಆ ಅಕ್ಷರಗಳ ಮೇಲೆ ಬೆರಳಿಟ್ಟಳು. ಆಮೇಲೆ ನೆಟ್ಟಗೆ ಅಪ್ಪನ ಬಳಿಗೆ ನಡೆದಳು.

“ಅಪ್ಪ, ಅಕ್ಕನ ಮಕ್ಳ ಬೇಕಾದ್ರೆ ಸಾಕ್ತೀನಿ. ಭಾವನ್ನ ಮದ್ವೆ ಆಗಾಕಿಲ್ಲ.”

“ಮಾತು ಕೊಟ್ಟಿವ್ನಿ ಕಣವ್ವ.”

“ನನ್ನ ಕೇಳಿ ಕೊಟ್ಯಾ?”

ಗೋಡೆಗೆ ಗಾರೆ ತೀಡುತ್ತಿದ್ದ ದೊಡ್ಡಮಾದಯ್ಯನ ಕರಣೆ ನಿಂತಿತು. ಅದನ್ನು ಕೆಳಗಿಟ್ಟು, “ನಿಮ್ಮವ್ವ ಇದ್ದಿದ್ರೆ ಕೇಳಿರೋಳು,” ಎಂದ. “ಕೌದಳ್ಳಿಗೆ ನಾನೇ ಓಗಿ ಏಳ್ತೀನಿ.”

ಬಸ್ ಸ್ಟ್ಯಾಂಡಿಗೆ ಓಡಿಬಂದ ಅವಳನ್ನು ಕಂಡು, ಬಸ್ಸು ಹತ್ತಲಿದ್ದ ಮಹದೇವಯ್ಯ ಬೆರಗಾದ.

“ಭಾವನ್ನ ಒಲ್ಲೆ ಅಂದ್ಬುಟ್ಟೆ ಸಾ.”

“ನೀವು ಒಪ್ಪಿದ್ದೀರಿ ಅಂದ್ಕೊಂಡೆ...”

“ಅಪ್ಪನೂ ಕೇಳ್ನಿಲ್ಲ, ನೀವೂ ಕೇಳ್ನಿಲ್ಲ.”

ಅವನು ಪೆಟ್ಟಿಗೆ ಕೆಳಗಿಟ್ಟ. “ಈಗ ಕೇಳ್ತೀನಿ. ನನ್ನನ್ನ ಮದುವೆ ಆಗ್ತೀರಾ?”

“ಅಕ್ಕನ ಮಕ್ಳು ಬತ್ತಾ ಓಯ್ತಾ ಇರ್ತವೆ.”

“ನಮ್ಮ ಜೊತೇಲೇ ಇದ್ರೂ ಸರಿ.”

ಬಸ್ಸು ಧೂಳೆಬ್ಬಿಸಿ ಹೊರಟಿತು.

“ಬಸ್ ಓಯ್ತು ಸಾ.”

“ಹೋಗಲಿ. ನೀವಿನ್ನೂ ಉತ್ತರ ಹೇಳಲಿಲ್ಲ.”

ಅವಳು ತಲೆ ತಗ್ಗಿಸಿ ನಕ್ಕಳು. “ಅಪ್ಪನ ತಾವಕೆ ಬನ್ನಿ. ಊಂ ಅಂತ ಅಲ್ಲೇ ಏಳ್ತೀನಿ.”