ಹನ್ನೊಂದನೇ ಸಾಲಿನ ಮೌನ

ನಾಲ್ಕೇ ನಾಲ್ಕು ಸೆಕೆಂಡಿನ ಮೌನದ ಮೇಲೆ ಅವಳು ಎರಡು ಪುಟ ನೋಟ್ಸ್ ಬರೆದಿದ್ದಳು. ಬರೆದದ್ದೇನು ಸಾಮಾನ್ಯವೇ! ವಿರಹ, ಸಾವು, ಶೂನ್ಯ, ಎಲ್ಲವೂ ಇತ್ತು ಅದರಲ್ಲಿ.

ಅವಳು ಕಾಲೇಜಿನ ಸಾಹಿತ್ಯದ ಮೇಡಂ. ವಿದ್ಯಾರ್ಥಿಗಳಿಗಾಗಿ ಕಾಲೇಜು ನಡೆಸುವ ಕವಿತೆಗಳ ವೆಬ್‌ಸೈಟಿಗೆ ವಿವರಣೆ ಬರೆಯುವವಳು. ಅಲ್ಲಿ ಪದ್ಯ ಓದಿ ರೆಕಾರ್ಡ್ ಮಾಡುವವನು ಸ್ಟುಡಿಯೋದ ಸೌಂಡ್ ಇಂಜಿನಿಯರ್. ಪದ್ಯಕ್ಕಲ್ಲದೆ ಬಾಯಿ ಬಿಡದ ಆಸಾಮಿ. ಹುಡುಗರು ಅವನಿಗೆ ಮೌನಿಬಾಬಾ ಎಂದೇ ಹೆಸರಿಟ್ಟಿದ್ದರು.

ಒಂದು ಪದ್ಯದ ಹನ್ನೊಂದನೇ ಸಾಲಿನಲ್ಲಿ 'ಬಾಗಿಲು ತೆರೆಯಿತು' ಎಂದವನು ನಾಲ್ಕು ಸೆಕೆಂಡು ಸುಮ್ಮನಾಗಿಬಿಟ್ಟಿದ್ದ. ಇವತ್ತು ವಿದ್ಯಾರ್ಥಿನಿಯೊಬ್ಬಳ ಕಾಮೆಂಟ್ ಬಂದಿತ್ತು: 'ಮೇಡಂ, ಪುಸ್ತಕದಲ್ಲಿ ಅಲ್ಲಿ ಒಂದು ಚುಕ್ಕಿಯೂ ಇಲ್ಲ. ಮತ್ತೆ ಯಾಕೆ ನಿಲ್ಲಿಸಿದ್ರು? ನಾಳೆ ಕ್ಲಾಸಲ್ಲಿ ಹೇಳ್ತೀರಾ?'

ಬರೆದದ್ದು ತಪ್ಪಾಗಿದ್ದರೆ ತುಂಬಿದ ಕ್ಲಾಸಿನಲ್ಲಿ ಮಾನ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಕುತೂಹಲ ತಡೆಯಲಾಗಲಿಲ್ಲ. ಸೀದಾ ಸ್ಟುಡಿಯೋಗೆ ನಡೆದಳು.

"ಆ 'ಬಾಗಿಲು ತೆರೆಯಿತು' ಪದ್ಯದ ಹನ್ನೊಂದನೇ ಸಾಲಲ್ಲಿ ಯಾಕೆ ನಿಲ್ಲಿಸಿದ್ರಿ?"

ಅವನು ಹೆಡ್‌ಫೋನ್ ತೆಗೆದ. ಕಿವಿ ಕೆಂಪಾಗಿತ್ತು. "ಅದಾ... ಪುಟ ತಿರುಗಿಸ್ದೆ ಮೇಡಂ."

ಅಯ್ಯೋ ದೇವರೇ! ವಿರಹ, ಸಾವು, ಶೂನ್ಯ, ಎಲ್ಲ ಒಂದು ಹಾಳೆಯ ಪಾಲಾಯಿತೇ? ನಗಬೇಕೋ ಅಳಬೇಕೋ ತಿಳಿಯದೆ ಅವಳು ಮೇಜಿನ ಮೇಲಿದ್ದ ಆ ಪದ್ಯದ ಪುಸ್ತಕ ತೆರೆದಳು.

"ಎಲ್ರೀ ತಿರುಗಿಸೋದು? ಹದಿನಾರು ಸಾಲೂ ಒಂದೇ ಪುಟದಲ್ಲಿವೆ!"

ಅವನು ಗೋಡೆ ನೋಡಿದ, ವೈರು ನೋಡಿದ, ಅವಳೊಬ್ಬಳನ್ನು ಬಿಟ್ಟು ಎಲ್ಲವನ್ನೂ ನೋಡಿದ.

"ನೀವು ಬಂದ್ರಿ."

"ಏನು?"

"ನೀವು ಕೆಲಸಕ್ಕೆ ಸೇರಿದ ದಿನ. 'ಬಾಗಿಲು ತೆರೆಯಿತು' ಅಂತ ಓದ್ತಿದ್ದೆ, ಗಾಜಿನಾಚೆ ನಿಜವಾಗ್ಲೂ ಬಾಗಿಲು ತೆರೀತು. ಕೈಯಲ್ಲಿ ಕೊಡೆ ಹಿಡ್ಕೊಂಡು ಇಣುಕಿದ್ರಿ. ರೆಕಾರ್ಡಿಂಗ್ ನಡೀತಿದೆ ಅಂತ ಗೊತ್ತಾಗಿ ನಾಲಿಗೆ ಕಚ್ಕೊಂಡು ಹೋಗ್ಬಿಟ್ರಿ."

"ಎರಡು ವರ್ಷ ಆಯ್ತಲ್ರೀ! ಅದನ್ನ ಕಟ್ ಮಾಡಬಹುದಿತ್ತಲ್ಲ?"

"ಒಂದು ನಿಮಿಷದ ಕೆಲಸ. ಮನಸ್ಸಾಗ್ಲಿಲ್ಲ."

ನೋಟ್ಸಿನ ನೆಪದಲ್ಲಿ ಆ ರೆಕಾರ್ಡಿಂಗನ್ನು ಅವಳು ಎಷ್ಟು ಸಲ ಕೇಳಿದ್ದಳು! ಆ ದನಿಗೆ ಸೋತು ಎಷ್ಟೋ ದಿನವಾಗಿದೆ ಎಂದು ಈಗ ಹೊಳೆಯಿತು. ಆದರೂ ಬಿಟ್ಟುಕೊಡಲಿಲ್ಲ, ಎದುರಿನ ಕುರ್ಚಿ ಎಳೆದು ಕೂತಳು.

"ಮಕ್ಕಳಿಗೆ ತಪ್ಪು ಪಾಠ ಆಗಬಾರದು. ಈಗಲೇ ಮತ್ತೆ ಓದಿ. ನಿಲ್ಲಿಸದೆ."

ಹತ್ತು ಸಾಲು ಸರಾಗವಾಗಿ ಬಂದವು. 'ಬಾಗಿಲು ತೆರೆಯಿತು' ಎಂದು ಅವನು ತಲೆಯೆತ್ತಿದ. ಐದು ಸೆಕೆಂಡು. ಹತ್ತು.

"ಓದ್ರೀ," ಎಂದಳು ಮೆಲ್ಲಗೆ.

"ನೀವು ಎದುರಿಗಿದ್ರೆ ಆಗಲ್ಲ."

"ಹಾಗಾದ್ರೆ ಎದ್ದು ಹೋಗ್ಲಾ?"

"ಬೇಡ. ದಯವಿಟ್ಟು ಬೇಡ."

ಅವಳು ಹೋಗಲಿಲ್ಲ. ಸಂಜೆಯವರೆಗೂ ರೆಕಾರ್ಡಿಂಗ್ ಮುಗಿಯಲೂ ಇಲ್ಲ.

ಮರುದಿನ ಕ್ಲಾಸಿಗೆ ಮುಂಚೆ ಅವಳು ಎರಡು ಪುಟದ ನೋಟ್ಸ್ ಅಳಿಸಿ, ಆ ಹುಡುಗಿಯ ಪ್ರಶ್ನೆಯ ಕೆಳಗೆ ಉತ್ತರ ಬರೆದಳು: 'ಓದುತ್ತಿದ್ದವರಿಗೆ ಅಲ್ಲಿ ಒಬ್ಬಳು ಕಂಡಳು, ಅದಕ್ಕೆ ನಿಲ್ಲಿಸಿದರು. ಅವಳಿಗೂ ಅವರೆಂದರೆ ಇಷ್ಟ. ಇದು ಪರೀಕ್ಷೆಗೆ ಬರುವುದಿಲ್ಲ.'