ಆರನೆಯ ರಾಕೆಟ್

ಝೋಯಾ ಕರ್ತಾಶೋವಾಳ ಐದು ರಾಕೆಟ್‌ಗಳ ತಂತಿಗಳನ್ನು ಯಾರೋ ಕತ್ತರಿಸಿದ್ದರು. ತಪ್ಪನ್ನು ಕ್ಲಬ್ಬಿನಲ್ಲಿ ತಂತಿ ಹೆಣೆಯುವ ಇಸುಬುವಿನ ಮೇಲೆ ಹೊರಿಸಲಾಯಿತು. ಅಂದು ರಾತ್ರಿಯ ಬೊಂಬಾಯಿ ವಿಮಾನಕ್ಕೆ ಅವನ ಟಿಕೆಟ್ ಆಯಿತು.

1995ರ ಮಾರ್ಚ್. ಕೊಲ್ಲಿ ನಾಡಿನ ಬೌಷರ್‌ನ ಒಂದು ಕ್ಲಬ್ಬಿನಲ್ಲಿ ಮಹಿಳೆಯರ ಟೆನಿಸ್ ಟೂರ್ನಿ. ಐದು ಗಂಟೆಗೆ ರಷ್ಯದ ಝೋಯಾಳ ಸೆಮಿಫೈನಲ್, ಫ್ರಾನ್ಸಿನ ಆಟಗಾರ್ತಿಯ ಎದುರು. ಮಧ್ಯಾಹ್ನ ಒಂದಕ್ಕೆ ಬೀಗ ಹಾಕಿದ್ದ, ರಾಕೆಟ್‌ಗೆ ತಂತಿ ಹಾಕುವ ಕೋಣೆಯನ್ನು ಎರಡೂವರೆಗೆ ತೆರೆದಾಗ ಇದು ಕಂಡಿತ್ತು.

ಮೂರು ಗಂಟೆಗೆ ಮ್ಯಾನೇಜರ್ ಫ್ರೆಡ್ಡಿ ಟೈಪಿಸ್ಟ್ ಗ್ರೆಟ್ಟಾಳ ಮುಂದೆ ಒಂದು ಚೀಟಿ ಇಟ್ಟ. ಇಬ್ಬರೂ ಮಂಗಳೂರಿನವರು.

“ಇಸುಬುವಿನ ವೀಸಾ ಕ್ಯಾನ್ಸಲೇಶನ್ ಲೆಟರ್. ಬೇಗ ಟೈಪ್ ಮಾಡು. ಕಫೀಲ್‌ಗೆ ಫೋನಲ್ಲಿ ಹೇಳಿ ಆಯ್ತು.” ಕಫೀಲ್ ಅಂದರೆ ಅವರೆಲ್ಲರಿಗೂ ವೀಸಾ ಕೊಟ್ಟ ಅರಬ್ ಧಣಿ.

“ಅವರೇ ಮಾಡಿದ್ದು ಅಂತ ಹೇಗೆ ಹೇಳ್ತೀರಿ ಸರ್?”

“ಬೆಳಿಗ್ಗೆ ಝೋಯಾಳ ಕೋಚ್ ಗೆನ್ನಾದಿ ಹತ್ರ ಜಗಳ ಆಡಿದ್ದಾನಲ್ವಾ? ಕತ್ತರಿ ಅವನದ್ದು. ಕೋಣೆ ಅವನದ್ದು. ಇನ್ನೆಂತ ಬೇಕು ನಿಂಗೆ, ಫೋಟೋವಾ?”

“ಒಮ್ಮೆ ಕೋಣೆ ನೋಡಿ ಬರ್ತೇನೆ.”

“ನೀನೆಂತ ಸಿಐಡಿಯಾ?”

“ಎಷ್ಟು ರಾಕೆಟ್ ಅಂತ ಲೆಟರ್‌ನಲ್ಲಿ ಬರೀಬೇಕಲ್ಲ ಸರ್.”

* * *

ಇಸುಬು ಸ್ಟೂಲಿನ ಮೇಲೆ ಕುಳಿತಿದ್ದ. ಉಳ್ಳಾಲದಲ್ಲಿ ಇಪ್ಪತ್ತು ವರ್ಷ ಮೀನಿನ ಬಲೆ ಹೆಣೆದ ಕೈ. ಇಲ್ಲಿ ಆರು ವರ್ಷದಿಂದ ರಾಕೆಟ್‌ಗೆ ತಂತಿ ಹೆಣೆಯುತ್ತಿತ್ತು.

ಮೇಜಿನ ಮೇಲೆ ಹತ್ತು ರಾಕೆಟ್. ಎಲ್ಲ ಒಂದೇ ಕಂಪನಿಯವು. ಎಲ್ಲ ಕಪ್ಪು. ಒಂದರ ಮೇಲೂ ಹೆಸರಿಲ್ಲ.

“ಯಾವುದು ಯಾರದ್ದು ಅಂತ ನಿಮಗೆ ಹೇಗೆ ಗೊತ್ತಾಗ್ತದೆ ಕಾಕಾ?”

“ನನಗೆ ಇಂಗ್ಲಿಷ್ ಬರ್ತದಾ ಬಾಯಮ್ಮ? ನೂಲು ಕಟ್ತೇನೆ. ರಷ್ಯದವಳದ್ದಕ್ಕೆ ಕೆಂಪು, ಫ್ರಾನ್ಸಿನವಳದ್ದಕ್ಕೆ ಹಸಿರು. ಇದು ನನ್ನ ಗುರುತು. ಬೇರೆಯವರಿಗೆ ಗೊತ್ತಿಲ್ಲ.”

“ಫ್ರೆಡ್ಡಿ ಸರ್‌ಗೆ ಹೇಳಿದ್ರಾ?”

“ಹೇಳಿದೆ. ‘ಹಾಗಾದ್ರೆ ಕತ್ತರಿಸಿದ್ದು ನೀನೇ’ ಅಂದ್ರು.”

ಗ್ರೆಟ್ಟಾ ಎಣಿಸಿದಳು. ಹಸಿರು ನೂಲಿನವು ನಾಲ್ಕು. ಒಂದಕ್ಕೂ ಏನೂ ಆಗಿಲ್ಲ. ಕೆಂಪು ನೂಲಿನವು ಆರು. ಐದು ಹರಿದಿವೆ. ಆರನೆಯದು ಸರಿಯಾಗಿದೆ.

“ಇದೊಂದನ್ನು ಯಾಕೆ ಬಿಟ್ಟದ್ದು?”

“ಅದು ಬಿಟ್ಟವನಿಗೇ ಗೊತ್ತು.”

ಅವಳು ಹಿಡಿಗಳ ಮೇಲೆ ಬೆರಳಾಡಿಸಿದಳು. ಹರಿದ ಐದರಲ್ಲಿ ಬಿಳಿ ಪಟ್ಟಿಯ ಸುತ್ತು ಒಂದು ಕಡೆಗೆ ವಾಲಿತ್ತು. ಆರನೆಯದರಲ್ಲಿ ಇನ್ನೊಂದು ಕಡೆಗೆ, ಫ್ರಾನ್ಸಿನವಳ ರಾಕೆಟ್‌ಗಳಲ್ಲಿ ಇದ್ದ ಹಾಗೆ.

“ಇದರ ಪಟ್ಟಿ ಯಾಕೆ ಬೇರೆ ಥರ?”

“ಅದಾ? ಕೋಚ್ ಇಲ್ಲದಾಗ ಅವಳು ಕೋರ್ಟಿನಿಂದ ಕಳಿಸಿದ್ದು, ಪಟ್ಟಿ ಹರಿದು ಹೋಗಿತ್ತು. ಹನ್ನೆರಡು ಗಂಟೆಗೆ ನಾನೇ ಹೊಸತು ಸುತ್ತಿದೆ. ಅವಳು ಎಡಗೈಯವಳು, ಅವಳಿಗೆ ಉಲ್ಟಾ ಸುತ್ತಬೇಕು ಅಂತ ಆಮೇಲೆ ನೆನಪಾಯ್ತು. ಊಟ ಮಾಡಿ ಬಂದು ಸರಿ ಮಾಡುವ ಅಂತ ಹೋದೆ. ಬರುವಾಗ ಹೀಗೆ.”

ಗ್ರೆಟ್ಟಾ ಮತ್ತೊಮ್ಮೆ ಎಣಿಸಿದಳು. ಕೋರ್ಟಿನ ಕಡೆ ಓಡಿದಳು. ಆಗಲೇ ಮೂರೂಕಾಲು.

* * *

ಝೋಯಾ ಕೋರ್ಟಿನ ಪಕ್ಕದ ನೆರಳಿನಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದಳು. ನಿಂತಲ್ಲಿ ನಿಲ್ಲಲಾರದ ಹುಡುಗಿ. ಇಪ್ಪತ್ತಮೂರು ವರ್ಷ.

“ನಿಮ್ಮ ರಾಕೆಟ್ ಹಿಡಿಗೆ ಪಟ್ಟಿ ಸುತ್ತುವವರು ಯಾರು?” ಗ್ರೆಟ್ಟಾ ಇಂಗ್ಲಿಷಿನಲ್ಲಿ ಕೇಳಿದಳು.

“ಗೆನ್ನಾದಿ. ಬೇರೆ ಯಾರೂ ಮುಟ್ಟಬಾರದು. ನಾನೂ ಸಹ.”

“ಇವತ್ತು ನೀವು ಗೆದ್ದರೆ ಯಾರಿಗೆ ನಷ್ಟ?”

ಝೋಯಾ ನಡಿಗೆ ನಿಲ್ಲಿಸಿದಳು.

“ಹನ್ನೊಂದು ವರ್ಷಕ್ಕೆ ನನ್ನನ್ನು ಕ್ರೀಡಾಶಾಲೆಗೆ ಒಯ್ದರು. ಹೊರದೇಶಕ್ಕೆ ಹೋದಾಗಲೆಲ್ಲ ಏರ್‌ಪೋರ್ಟಿನಲ್ಲೇ ತಂಡದ ಅಧಿಕಾರಿ ನಮ್ಮ ಪಾಸ್‌ಪೋರ್ಟ್ ಇಸಿದುಕೊಳ್ಳುತ್ತಿದ್ದ. ದೇಶ ಒಡೆಯಿತು. ಅಧಿಕಾರಿ ಹೋದ, ಗೆನ್ನಾದಿ ಬಂದ. ಈಗ ಪಾಸ್‌ಪೋರ್ಟ್ ಅವನ ಚೀಲದಲ್ಲಿದೆ. ಎಲ್ಲಿ ಆಡಬೇಕು, ಏನು ತಿನ್ನಬೇಕು, ಎಲ್ಲ ಅವನೇ. ಲೋಕದ ಮೊದಲ ನೂರು ಆಟಗಾರ್ತಿಯರ ಒಳಗೆ ನಾನು ಬಂದ ದಿನ ಒಪ್ಪಂದ ಮುಗಿಯುತ್ತದೆ. ಈಗ ನೂರನಾಲ್ಕು. ಇವತ್ತು ಗೆದ್ದರೆ ನೂರರ ಒಳಗೆ.”

“ಧಣಿ ಹೀಗೆ ಬಿಟ್ಟುಕೊಡುವುದನ್ನು ಇಲ್ಲಿ ನಾವು ರಿಲೀಸ್ ಅನ್ನುತ್ತೇವೆ,” ಎಂದಳು ಗ್ರೆಟ್ಟಾ. ಅವಳ ಪಾಸ್‌ಪೋರ್ಟೂ ಫ್ರೆಡ್ಡಿಯ ಕಪಾಟಿನಲ್ಲಿತ್ತು.

* * *

ಮೂರೂ ಮುಕ್ಕಾಲಿಗೆ ಆಫೀಸಿನಲ್ಲಿ ಎಲ್ಲರೂ ಸೇರಿದರು. ಗೆನ್ನಾದಿ ಚೀಲವನ್ನು ತೊಡೆಯ ಮೇಲಿಟ್ಟು ಕುಳಿತ.

“ಲೆಟರ್ ಎಲ್ಲಿ?” ಫ್ರೆಡ್ಡಿ ಕೇಳಿದ.

“ಮೊದಲು ಇದು ಕೇಳಿ ಸರ್. ಇಸುಬು ಕಾಕ ಗುರುತು ಹಿಡಿಯುವುದು ನೂಲಿನಲ್ಲಿ. ಕೆಂಪು ನೂಲು ಆರು ರಾಕೆಟ್‌ಗೆ ಉಂಟು. ಅವರೇ ಕತ್ತರಿಸಿದ್ದರೆ ಆರೂ ಹೋಗ್ತಿತ್ತು. ಐದೇ ಹೋಗಿದೆ.”

“ಆರನೆಯದು ಮರೆತಿರಬೇಕು.”

“ಮರೆತದ್ದಲ್ಲ. ಕತ್ತರಿಸಿದವನು ನೂಲು ನೋಡ್ಲೇ ಇಲ್ಲ. ಪಟ್ಟಿಯ ಸುತ್ತು ನೋಡಿದ. ಎಡಗೈ ಸುತ್ತು ಇದ್ದದ್ದನ್ನೆಲ್ಲ ಕತ್ತರಿಸಿದ. ಆರನೆಯದಕ್ಕೆ ಕಾಕ ಇವತ್ತು ತಪ್ಪಿ ಬಲಗೈ ಸುತ್ತು ಹಾಕಿದ್ರು. ಹಾಗಾಗಿ ಅದು ಫ್ರಾನ್ಸಿನವಳದ್ದು ಅಂತ ಬಿಟ್ಟ.”

“ಹಾಗಾದ್ರೆ ಫ್ರಾನ್ಸಿನವಳೇ ಮಾಡಿಸಿರಬೇಕು.”

“ತನ್ನ ರಾಕೆಟ್ ಎಷ್ಟು ಅಂತ ಅವಳಿಗೆ ಗೊತ್ತಿಲ್ವಾ ಸರ್? ಅವಳದ್ದು ನಾಲ್ಕು. ಕತ್ತರಿಸದೆ ಉಳಿದದ್ದು ಐದು. ಅವಳ ಕಡೆಯವರಾದರೆ ಒಂದು ಹೆಚ್ಚು ಉಂಟು ಅಂತ ಹುಡುಕುತ್ತಿದ್ದರು. ಆರನೆಯದು ಝೋಯಾಳ ಹತ್ರ ಕೋರ್ಟಿನಲ್ಲೇ ಉಂಟು ಅಂತ ಎಣಿಸಿದವನು, ಅವಳ ಸುತ್ತು ಚೆನ್ನಾಗಿ ಗೊತ್ತಿದ್ದವನು ಒಬ್ಬನೇ.”

ಗ್ರೆಟ್ಟಾ ಇಂಗ್ಲಿಷಿಗೆ ತಿರುಗಿದಳು.

“ಮಿಸ್ಟರ್ ಗೆನ್ನಾದಿ, ಕೋಣೆಯ ಎರಡನೆಯ ಕೀ ನನ್ನ ಕುರ್ಚಿಯ ಹಿಂದಿನ ಮೊಳೆಯಲ್ಲಿರುತ್ತದೆ. ಒಂದೂವರೆಗೆ ನೀವು ಫ್ಯಾಕ್ಸ್ ಕಳಿಸಲು ಬಂದಿರಿ. ನಾನು ಯಂತ್ರದ ಕಡೆ ತಿರುಗಿದೆ. ಎರಡಕ್ಕೆ ‘ಹೋಯಿತಾ’ ಎಂದು ಕೇಳುವ ನೆಪದಲ್ಲಿ ಮತ್ತೆ ಬಂದಿರಿ. ಅದೇ ಮೊಳೆಯ ಹತ್ತಿರ ನಿಂತಿದ್ದಿರಿ. ನಡುವೆ ಈ ಆಫೀಸಿಗೆ ಬೇರೆ ಯಾರೂ ಬಂದಿಲ್ಲ.”

ಗೆನ್ನಾದಿ ಅವಳನ್ನು ನೋಡಲಿಲ್ಲ. ಝೋಯಾಳನ್ನು ನೋಡಿದ.

“ನಾನಿಲ್ಲದೆ ನೀನು ಯಾರು?” ಎಂದ. “ಈಗಲೇ ಬಿಟ್ಟರೆ ನೀನು ಹಾಳಾಗುತ್ತೀಯ. ಇನ್ನೊಂದು ವರ್ಷ ಬೇಕಿತ್ತು ನನಗೆ. ಒಂದೇ ವರ್ಷ.”

ಝೋಯಾ ಅವನ ತೊಡೆಯ ಮೇಲಿನ ಚೀಲಕ್ಕೆ ಕೈ ಹಾಕಿದಳು. ಪಾಸ್‌ಪೋರ್ಟ್ ತೆಗೆದುಕೊಂಡಳು. ಅವನು ತಡೆಯಲಿಲ್ಲ. ಎದ್ದು ಹೊರಗೆ ಹೋದ.

ಫ್ರೆಡ್ಡಿ ಕರವಸ್ತ್ರದಿಂದ ಕತ್ತು ಒರೆಸಿಕೊಂಡ.

“ಆಯ್ತು, ಖಲಾಸ್. ಯಲ್ಲಾ ಇಸುಬು, ಬೇಗ ತಂತಿ ಹಾಕು. ಒಂದಕ್ಕೆ ಎಷ್ಟು ಹೊತ್ತು?”

“ಅರ್ಧ ಗಂಟೆ.”

“ಎರಡಾದ್ರೂ ಆಗ್ತದೆ. ಹೋಗು.”

“ಇವರ ಟಿಕೆಟ್ ಸರ್?” ಗ್ರೆಟ್ಟಾ ಕೇಳಿದಳು.

“ಅದು ಇರ್ಲಿ. ಕಫೀಲ್‌ಗೆ ಇವನೇ ಮಾಡಿದ್ದು ಅಂದಾಗಿದೆ. ಈಗ ಅಲ್ಲ ಅಂದ್ರೆ ನನ್ನ ಮರ್ಯಾದೆ ಎಂತ ಆಗ್ತದೆ? ಕೆಲಸ ಮುಗಿಸಿ ರಾತ್ರಿ ಹೋಗ್ಲಿ. ಊರಿಗೆ ಹೋಗುವುದು ಎಂತ ಶಿಕ್ಷೆಯಾ?”

ಇಸುಬು ಎದ್ದು ನಿಂತ. ಹೋಗಲಿಲ್ಲ.

“ಕಫೀಲ್‌ಗೆ ಫೋನ್ ಮಾಡಿ ಸರ್. ಇಸುಬು ಮಾಡಿದ್ದಲ್ಲ ಅಂತ ಹೇಳಿ, ನಮ್ಮೆಲ್ಲರ ಎದುರು. ನನ್ನ ಪಾಸ್‌ಪೋರ್ಟ್ ನನ್ನ ಕೈಗೆ ಕೊಡಿ. ಆಮೇಲೆ ತಂತಿ.”

“ಇಸುಬು ಬ್ಯಾರಿ, ಹೊರಗೆ ಜನ ಸೇರಿದ್ದಾರೆ. ದೊಡ್ಡವರೆಲ್ಲ ಬರ್ತಿದ್ದಾರೆ.”

“ಬರ್ಲಿ.”

ಫ್ರೆಡ್ಡಿ ಝೋಯಾಳ ಕಡೆ ತಿರುಗಿದ. ಒಂದು ರಾಕೆಟ್ ನಂಬಿ ಕೋರ್ಟಿಗೆ ಇಳಿಯುವಂತಿಲ್ಲ. ಈ ಪಂದ್ಯ ಹೋದರೆ ಅವಳ ನೂರೂ ಹೋಯಿತು. “ನೀವಾದರೂ ಇವನಿಗೆ ಹೇಳಿ, ಮೇಡಂ.”

ಇಸುಬು ಏನು ಕೇಳುತ್ತಿದ್ದಾನೆಂದು ಗ್ರೆಟ್ಟಾ ಅವಳಿಗೆ ಹೇಳಿದಳು. ಝೋಯಾ ಗಡಿಯಾರ ನೋಡಿದಳು. ಬಾಗಿಲು ನೋಡಿದಳು. ಆಮೇಲೆ ಕುರ್ಚಿ ಎಳೆದು ಇಸುಬುವಿನ ಪಕ್ಕ ಕುಳಿತಳು.

“ಕಡೆಯ ಸಲ ಹೇಳ್ತಿದ್ದೇನೆ,” ಅಂದ ಫ್ರೆಡ್ಡಿ. “ಹೋಗಿ ತಂತಿ ಹಾಕು.”

“ಇಲ್ಲ ಸರ್,” ಅಂದ ಇಸುಬು.