ಜೇಬಿನಿಂದ ತೆಗೆಯದ ಕೈ

"ಪಕ್ಕದ ಕೌಂಟರ್ ಖಾಲಿ ಇದೆ ಸರ್. ಅಲ್ಲಿಗೆ ಹೋಗಿ, ಬೇಗ ಆಗುತ್ತೆ."

"ಬೇಡ. ನಾನಿಲ್ಲೇ ನಿಲ್ತೀನಿ."

ಗಾಜಿನಾಚೆ ನಿಂತವನ ದನಿಯಲ್ಲಿ ಜಗಳವಿರಲಿಲ್ಲ, ನಯವೂ ಇರಲಿಲ್ಲ. ಎಡಗೈಯಿಂದ ಖಾಲಿ ಚಲನ್ ಒಂದನ್ನು ಕಿಂಡಿಯೊಳಗೆ ತಳ್ಳಿದ. ಬಲಗೈ ಜಾಕೆಟ್ಟಿನ ಜೇಬಿನೊಳಗಿತ್ತು.

"ಇದನ್ನ ನೀವೇ ತುಂಬಿಕೊಡಿ. ಅವಸರ ಇಲ್ಲ, ನಿಧಾನಕ್ಕೆ ಬರೀರಿ."

ಅವಳು ತಲೆಯೆತ್ತಿ ನೋಡಿದಳು. ಮೂವತ್ತರ ಆಸುಪಾಸಿನ ಮನುಷ್ಯ. ಕೆದರಿದ ಕೂದಲು, ನಿದ್ದೆಗೆಟ್ಟ ಕಣ್ಣು. ಆ ಕಣ್ಣು ಅವಳ ಮುಖದ ಮೇಲಿರಲಿಲ್ಲ. ಅದಕ್ಕಿಂತ ಕೆಳಗೆಲ್ಲೋ ನೆಟ್ಟಿತ್ತು, ಕದಲುತ್ತಲೇ ಇರಲಿಲ್ಲ.

ಅವಳ ಮೈ ಮುದುಡಿತು. ಕಂಪ್ಯೂಟರಿನ ಮರೆಗೆ ಕುರ್ಚಿ ಸರಿಸಿಕೊಂಡು, ಸರಸರನೆ ಗೀಚಿ, ರಸೀದಿ ಕೊಟ್ಟು ಸಾಗಹಾಕಿದಳು.

ಒಂದು ದಿನದ ಮಾತಾಗಿದ್ದರೆ ಮರೆತುಬಿಡುತ್ತಿದ್ದಳೇನೋ… ಆದರೆ ಅವನು ಮತ್ತೆ ಬಂದ. ಮತ್ತೆ ಮತ್ತೆ ಬಂದ. ಅದೇ ಮೂರನೇ ಕೌಂಟರ್, ಅದೇ ಖಾಲಿ ಚಲನ್, ಅದೇ ಮಾತು. ಅವನು ತರುತ್ತಿದ್ದಷ್ಟು ಚಿಲ್ಲರೆ ಹಣ ಕಟ್ಟಲು ಯಾರೂ ಬ್ಯಾಂಕಿನ ಮೆಟ್ಟಿಲು ಹತ್ತುವುದಿಲ್ಲ. ಅವಳು ರಜೆ ಹಾಕಿದ ದಿನ ಬಾಗಿಲಲ್ಲೇ ಇಣುಕಿ ವಾಪಸ್ಸು ಹೋದನಂತೆ.

"ನಿನ್ನ ಜೇಬುಗೈ ಬಂದಿದ್ದ ಕಣೇ," ಎಂದಳು ಪಕ್ಕದ ಕೌಂಟರಿನ ಗೆಳತಿ. "ನೀನಿಲ್ಲ ಅಂತ ಮುಖ ಹುಳ್ಳಗೆ ಮಾಡ್ಕೊಂಡು ಹೋದ."

"ತಮಾಷೆ ಮಾಡ್ಬೇಡ. ನನಗೆ ನಿಜವಾಗ್ಲೂ ಭಯ ಆಗ್ತಿದೆ."

ಗೆಳತಿಯ ನಗು ನಿಂತಿತು. "ಆ ಜೇಬಲ್ಲಿ ಏನಿಟ್ಕೊಂಡಿದಾನೋ… ನನಗೂ ಅದೇ ಯೋಚನೆ."

ಒಂದು ಮಧ್ಯಾಹ್ನ ಅವಳು ಗಟ್ಟಿ ಮನಸ್ಸು ಮಾಡಿ ಚಲನ್ ವಾಪಸ್ಸು ತಳ್ಳಿದಳು. "ಇದನ್ನ ಗ್ರಾಹಕರೇ ತುಂಬಬೇಕು ಸರ್. ಅಲ್ಲಿ ಮೇಜಿದೆ, ಪೆನ್ನಿದೆ."

ಅವನ ಮುಖ ಕಪ್ಪಿಟ್ಟಿತು. "ಎರಡಕ್ಷರ ಬರೆಯೋಕೆ ನಿಮಗೇನು ಕಷ್ಟ?"

ಇಡೀ ಬ್ಯಾಂಕು ತಿರುಗಿ ನೋಡುವಷ್ಟು ಜೋರಾಗಿತ್ತು ಆ ದನಿ. ಅವನಿಗೇ ಗಾಬರಿಯಾದಂತಿತ್ತು. ಚಲನ್ ಅಲ್ಲೇ ಬಿಟ್ಟು ದಡದಡನೆ ಹೊರಟುಹೋದ.

ಸಂಜೆ ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ ಅವಳ ಎದೆ ಧಸಕ್ಕೆಂದಿತು. ರಸ್ತೆಯಾಚೆ ಅವನು! ಒಂದು ಹೆಜ್ಜೆ ಮುಂದಿಟ್ಟ, ನಿಂತ, ಮತ್ತೆ ಹಿಂದೆ ಸರಿದ. ಯಾವ ಬಸ್ಸು ಎಂದೂ ನೋಡದೆ ಅವಳು ಸಿಕ್ಕಿದ್ದಕ್ಕೆ ಹತ್ತಿಬಿಟ್ಟಳು.

ಮರುದಿನ ಬೆಳಿಗ್ಗೆ ಮ್ಯಾನೇಜರ್ ಮೇಡಂ ಮುಂದೆ ಎಲ್ಲ ಹೇಳಿಕೊಂಡಳು.

"ಇಷ್ಟು ದಿನ ಯಾಕೆ ಸುಮ್ಮನಿದ್ದೆ?" ಎಂದರು ಮೇಡಂ.

"ಅವರು ಏನೂ ಮಾಡಿಲ್ಲ ಮೇಡಂ. ಬರೀ ನೋಡ್ತಾರೆ… ಅಷ್ಟಕ್ಕೇ ದೂರು ಕೊಟ್ರೆ ಯಾರಾದ್ರೂ ನಂಬ್ತಾರಾ ಅಂತ."

"ನಾನು ನಂಬ್ತೀನಿ. ಇನ್ಮೇಲೆ ಅದು ನನ್ನ ತಲೆನೋವು, ನೀನು ನಿನ್ನ ಕೆಲಸ ನೋಡು."

ಮೇಡಂ ಸೆಕ್ಯುರಿಟಿ ಅಣ್ಣನಿಗೆ ಎಚ್ಚರದಿಂದಿರಲು ಹೇಳಿದರು. ಜೇಬುಗೈಯವನು ಮತ್ತೆ ಬಂದದ್ದು ಆ ವಾರದ ಕೊನೆಯಲ್ಲಿ. ಬಾಗಿಲು ದಾಟುವ ಮೊದಲೇ ಅಣ್ಣ ಅಡ್ಡ ನಿಂತರು.

"ಆ ಕೈ ಜೇಬಿಂದ ತೆಗೀರಿ."

"ಯಾಕೆ?"

"ತೆಗೀರಿ ಅಂದೆ."

"ತೆಗೆಯೋಕಾಗಲ್ಲ, ಬಿಟ್ಬಿಡಿ…"

ಅಣ್ಣ ಬಿಡಲಿಲ್ಲ. ಮೊಣಕೈ ಹಿಡಿದು ಎಳೆದೇಬಿಟ್ಟರು.

ಜೇಬಿನಿಂದ ಹೊರಬಂದದ್ದು ಕೈಯಷ್ಟೇ. ಎರಡು ಬೆರಳು ಇರಲಿಲ್ಲ. ಉಳಿದವು ಒಳಮುಖವಾಗಿ ಮುದುರಿ, ಅಂಗೈಗೆ ಅಂಟಿಕೊಂಡಿದ್ದವು. ಮಣಿಕಟ್ಟಿನ ಸುತ್ತ ಹೊಲಿಗೆಯ ಗುರುತು ಇನ್ನೂ ಕೆಂಪಾಗಿತ್ತು.

ಬ್ಯಾಂಕಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನು ಯಾರನ್ನೂ ನೋಡದೆ ಆ ಕೈಯನ್ನು ಮತ್ತೆ ಜೇಬಿಗೆ ತುರುಕಲು ಹೋದ. ಮೊದಲ ಸಲ ಸಿಗಲಿಲ್ಲ. ಕೊನೆಗೆ ಎಡಗೈಯಿಂದ ಜೇಬನ್ನು ಅಗಲಿಸಿ ಒಳಗಿಟ್ಟುಕೊಂಡು ಹೊರಟ.

ಅವಳಿಗೆ ಮೊದಲು ಆದದ್ದು ನಿರಾಳ. ಚಾಕುವಲ್ಲ, ಏನೂ ಅಲ್ಲ… ಆ ನಿರಾಳದ ಬೆನ್ನಿಗೇ ನಾಚಿಕೆ ಬಂತು. ಮಧ್ಯಾಹ್ನ ಊಟದ ಡಬ್ಬಿ ತೆರೆಯಲೇ ಇಲ್ಲ.

ಆಮೇಲೆ ಅವನು ಬರಲಿಲ್ಲ. ಬರಲೆಂದು ತಾನು ಬಾಗಿಲ ಕಡೆ ನೋಡುತ್ತಿದ್ದೇನೆ ಎಂದು ಒಪ್ಪಿಕೊಳ್ಳಲು ಅವಳಿಗೆ ಮನಸ್ಸಿರಲಿಲ್ಲ.

ಬಂದದ್ದು ದಪ್ಪ ಕನ್ನಡಕದ ಒಬ್ಬ ಹೆಂಗಸು. ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿತ್ತು. ಗಾಜಿಗೆ ಮುಖ ತಂದು ಅವಳನ್ನು ದಿಟ್ಟಿಸಿದರು.

"ಎಡಗೈ ಮೇಡಂ ನೀವೇನಾ?"

"ಅಂದ್ರೆ?"

"ನನ್ನ ತಮ್ಮ ಹಾಗೇ ಕರೆಯೋದು. ನಿಮ್ಮ ಹತ್ರ ಚೆನ್ನಾಗಿ ಜಗಳ ಆಡೋಣ ಅಂತ ಅಂಗಡಿ ಬಾಗಿಲು ಹಾಕ್ಕೊಂಡು ಬಂದೆ. ನಿಮ್ಮ ಮುಖ ನೋಡಿದ್ರೆ ಜಗಳಾನೇ ಬರ್ತಿಲ್ಲ."

ಅಕ್ಕ ನಿಂತಲ್ಲೇ ಹೇಳಿದರು. ತಮ್ಮ ಅಂಗಡಿಗಳಿಗೆ ಬೋರ್ಡ್ ಬರೆಯುವವನು. ಈ ಬೀದಿಯ ಅರ್ಧ ಬೋರ್ಡುಗಳು ಅವನ ಕೈಯವೇ. ಬೋರ್ಡ್ ಬರೆಯಲು ಹತ್ತಿ ನಿಂತಿದ್ದ ಸಾರವೆ ಮುರಿದು ಬಿದ್ದು ಬಲಗೈ ಹೋಯಿತು. ಎಡಗೈ ರೂಢಿಸಿಕೋ ಎಂದರು ಡಾಕ್ಟರು. ಬರೆದದ್ದೆಲ್ಲ ಒರೆಸಿಹೋಗುತ್ತಿತ್ತು, ಅಕ್ಷರ ಸೊಟ್ಟಗಾಗುತ್ತಿತ್ತು. ಹರಿದು ಹರಿದು ಎಸೆದ.

"ಹಾಗಿದ್ದವನು ಒಂದಿನ ಬ್ಯಾಂಕಿಂದ ಓಡೋಡಿ ಬಂದ. ಅಕ್ಕಾ, ಅಲ್ಲೊಬ್ರು ಎಡಗೈಯಲ್ಲಿ ಮುತ್ತು ಪೋಣಿಸಿದ ಹಾಗೆ ಬರೀತಾರೆ, ಅಂದ. ಹೋಗಿ ಕೇಳೋ ಅಂದೆ. ಎಲ್ಲಿ ಕೇಳ್ತಾನೆ? ಬೋರ್ಡ್ ಬರೆಯೋನು ಬರೆಯೋದು ಹೇಳ್ಕೊಡಿ ಅಂತ ಹೇಗಕ್ಕಾ ಕೇಳಲಿ, ಅಂತಾನೆ."

ಅವಳು ತನ್ನ ಎಡಗೈಯನ್ನೇ ನೋಡಿಕೊಂಡಳು.

ಈ ಕೈಯಿಂದಾಗಿ ಅವಳು ಎಷ್ಟು ಏಟು ತಿಂದಿಲ್ಲ? ಅಜ್ಜಿ 'ಎಡಚಿ' ಎಂದೇ ಕರೆದರು. ಒಂದನೇ ಕ್ಲಾಸಿನ ಟೀಚರ್ ಅದನ್ನು ರಿಬ್ಬನ್ನಿನಿಂದ ಬೆಂಚಿಗೆ ಕಟ್ಟಿ ಕೂರಿಸಿದ್ದರು. ಈ ಕೈಯನ್ನು ನೋಡಿ ಕಲಿಯಲು ಒಬ್ಬ ಬಂದು ನಿಂತಿದ್ದನೇ… ಅದಕ್ಕೇನಾ ಆ ಕಣ್ಣು ಕದಲುತ್ತಿರಲಿಲ್ಲ?

"ನಿಮ್ಮ ಅಂಗಡಿ ಎಲ್ಲಿದೆ ಅಕ್ಕಾ?" ಎಂದಳು.

ಟೈಲರಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಬಣ್ಣದ ವಾಸನೆ ಗಾಢವಾಗಿತ್ತು. ಅವನು ಹಲಗೆಯ ಮುಂದೆ ಕೂತು, ಮಣಿಕಟ್ಟನ್ನು ಕೊಕ್ಕೆಯಂತೆ ಬಗ್ಗಿಸಿ ಬ್ರಷ್ ಎಳೆಯುತ್ತಿದ್ದ. ಅವಳನ್ನು ಕಂಡು ಎದ್ದ ರಭಸಕ್ಕೆ ಬಣ್ಣದ ಡಬ್ಬಿ ಉರುಳಿತು.

"ಮೇಡಂ… ನೀವು ಇಲ್ಲಿ?"

"ದೂರು ಕೊಟ್ಟವಳು ನಾನೇ. ಕೊಟ್ಟಿದ್ದಕ್ಕೆ ಕ್ಷಮೆ ಕೇಳಲ್ಲ. ನನಗೆ ನಿಜವಾಗ್ಲೂ ಭಯ ಆಗಿತ್ತು. ಆದ್ರೆ ಎಲ್ಲರೆದುರು ನಿಮ್ಮ ಕೈ ಎಳೆದ್ರಲ್ಲ… ಅದಕ್ಕೆ ಕ್ಷಮೆ ಕೇಳ್ತೀನಿ."

ಅವನು ಬಗ್ಗಿ ಉರುಳಿದ ಡಬ್ಬಿಯನ್ನು ಎತ್ತಿ ನಿಲ್ಲಿಸಿದ.

"ತಪ್ಪು ನನ್ನದು," ಎಂದ. "ನನ್ನ ನಾಚಿಕೆಯೇ ನನಗೆ ದೊಡ್ಡದಾಗಿತ್ತು. ಹಾಗೆ ನಿಂತು ನೋಡಿದ್ರೆ ನಿಮಗೆ ಹೇಗಾಗುತ್ತೆ ಅಂತ ಹೊಳೀಲೇ ಇಲ್ಲ. ಅವತ್ತು ಬಸ್ ಸ್ಟಾಪಿಗೆ ಬಂದಿದ್ದು ಕೂಗಾಡಿದ್ದಕ್ಕೆ ಕ್ಷಮೆ ಕೇಳೋಕೆ. ನಿಮ್ಮ ಮುಖ ನೋಡಿ ಹೆಜ್ಜೆ ಬರಲಿಲ್ಲ."

ಅವಳೊಳಗೆ ಇಷ್ಟು ದಿನ ಬಿಗಿದುಕೊಂಡಿದ್ದದ್ದೇನೋ ಸಡಿಲಾಯಿತು. ಸುಸ್ತಾದವಳಂತೆ ಸ್ಟೂಲಿನ ಮೇಲೆ ಕೂತಳು. ಆಮೇಲೆ ಅವನ ಹಲಗೆ ನೋಡಿದಳು, ಸುಮ್ಮನಿರಲಾಗಲಿಲ್ಲ.

"ಹಲಗೆ ಹೀಗೆ ನೆಟ್ಟಗೆ ಇಟ್ಕೊಂಡ್ರೆ ಯಾರಿಗೂ ಬರಲ್ಲ. ಬಲಕ್ಕೆ ಓರೆ ಮಾಡಿ. ಇನ್ನೂ ಸ್ವಲ್ಪ… ಹಾಂ. ಕೈ ಸಾಲಿನ ಕೆಳಗಿರಲಿ. ಮೇಲಿಂದ ಬಗ್ಗಿಸಿದ್ರೆ ಬರೆದದ್ದನ್ನ ನೀವೇ ಒರೆಸ್ತೀರಿ."

ಅವನು ಒಂದು ಗೆರೆ ಎಳೆದ. ಒರೆಸಿಹೋಗಲಿಲ್ಲ. ಇನ್ನೊಂದು ಎಳೆದ. ಅವಳತ್ತ ತಿರುಗಿದ ಅವನ ಕಣ್ಣು ತುಂಬಿತ್ತು. ಈ ಸಲ ಆ ಕಣ್ಣು ಮುಖವನ್ನೇ ನೋಡುತ್ತಿತ್ತು.

ಶನಿವಾರದ ಮಧ್ಯಾಹ್ನಗಳು ಅಲ್ಲಿಂದ ಪಾಠಕ್ಕೆ ಮೀಸಲಾದವು. ಅವನು ಮಾತುಗಾರನೆಂದು ಆಗ ಗೊತ್ತಾಯಿತು. ಗ್ರಾಹಕರ ಜಿಪುಣತನವನ್ನು ನಟಿಸಿ ತೋರಿಸುತ್ತಿದ್ದ. ಅವಳು ನಕ್ಕು ಬ್ರಷ್ ಬೀಳಿಸುತ್ತಿದ್ದಳು. ಎಷ್ಟು ಕಲಿತರೂ ಒಂದು ಮಾತ್ರ ಅವನಿಗೆ ಕೂಡಿಬರುತ್ತಿರಲಿಲ್ಲ. ಗುಂಡಗಿನ ಅಕ್ಷರದ ಸುತ್ತು.

"ಇದೊಂದು ಬರ್ತಿಲ್ಲ ಮೇಡಂ," ಎನ್ನುತ್ತಿದ್ದ.

"ಮುಂದಿನ ವಾರ ನೋಡೋಣ," ಎನ್ನುತ್ತಿದ್ದಳು ಅವಳು.

ಹಾಗಿರುವಾಗ ಒಂದು ಬುಧವಾರ, ಬ್ಯಾಂಕಿನ ಕೆಲಸಕ್ಕೆಂದು ಪೇಟೆಯ ಇನ್ನೊಂದು ತುದಿಗೆ ಹೋದವಳು ನಡುರಸ್ತೆಯಲ್ಲೇ ನಿಂತುಬಿಟ್ಟಳು. ಔಷಧಿ ಅಂಗಡಿಯೊಂದರ ಮುಂದೆ ಏಣಿ. ಏಣಿಯ ಮೇಲೆ ಅವನು. ಎಡಗೈಯ ಬ್ರಷ್ ನೀರಿನಂತೆ ಹರಿಯುತ್ತಿತ್ತು. ಒಂದಾದ ಮೇಲೊಂದು ಗುಂಡಗಿನ ಸುತ್ತು, ಎಲ್ಲೂ ಕೈ ನಡುಗದೆ.

ಅವಳ ಮನಸ್ಸು ಹಗುರವಾಯಿತು. ಇವನಿಗೆ ಬಂದುಬಿಟ್ಟಿದೆ… ಇನ್ನು ಇವನ ಬದುಕಿಗೆ ಭಯವಿಲ್ಲ. ಆಮೇಲೆ ಒಂದು ಪುಟ್ಟ ನೋವು. ಹಾಗಾದರೆ ನನಗೇಕೆ ಹೇಳಲಿಲ್ಲ?

"ಚೆನ್ನಾಗಿ ಬರ್ತಿದೆ," ಎಂದಳು ಕೆಳಗಿನಿಂದ.

ಅವನು ಏಣಿಯ ಮೇಲೇ ಬೆಪ್ಪಾದ. ಕದ್ದು ಸಿಕ್ಕಿಬಿದ್ದವನಂತೆ ಮೆಲ್ಲಗೆ ಇಳಿದು ಬಂದ.

"ಯಾವಾಗಿಂದ ಬರುತ್ತೆ?"

"ತುಂಬಾ ದಿನ ಆಯ್ತು."

"ಮತ್ತೆ ವಾರವಾರ ಬರಲ್ಲ ಬರಲ್ಲ ಅಂತ ನನ್ನ ಮುಂದೆ ನಾಟಕ ಆಡಿದ್ದು?"

"ಬಂದ್ಬಿಟ್ರೆ… ನೀವು ಬರೋದು ನಿಂತುಹೋಗುತ್ತಲ್ಲ."

ಅವಳು ನಗಲಿಲ್ಲ. "ಒಂದು ಸಲ ಏನೂ ಹೇಳದೆ ಎದುರಿಗೆ ನಿಂತು ನನ್ನ ಪ್ರಾಣ ತೆಗೆದ್ರಿ. ಈಗಲೂ ಅದೇ. ನಾನು ಏನಂತ ಊಹಿಸ್ಕೊಳ್ಳಲಿ? ಮನಸ್ಸಲ್ಲಿರೋದನ್ನ ಬಾಯಿಬಿಟ್ಟು ಹೇಳೋಕೆ ನಿಮಗೇನು?"

ಅವನು ಬ್ರಷ್ಷನ್ನು ಡಬ್ಬಿಯಲ್ಲಿಟ್ಟ. ಔಷಧಿ ಅಂಗಡಿಯವರು ಗಲ್ಲಾಪೆಟ್ಟಿಗೆ ಬಿಟ್ಟು ಬಾಗಿಲಿಗೆ ಬಂದು ನಿಂತದ್ದನ್ನು ಇಬ್ಬರೂ ಗಮನಿಸಲಿಲ್ಲ.

"ಹೇಳ್ತೀನಿ," ಎಂದ. "ನೀವು ನನಗೆ ಬೇಕು. ಪಾಠಕ್ಕಲ್ಲ. ಶನಿವಾರ ಬರೋತನಕ ಉಳಿದ ದಿನ ಎಲ್ಲ ಸುಮ್ಮನೆ ನೂಕ್ತಿದೀನಿ. ನಿಮಗೆ ಇಷ್ಟ ಇಲ್ಲ ಅಂದ್ರೆ ಈಗಲೇ ಹೇಳಿಬಿಡಿ. ನಾನು ಇನ್ನೆಲ್ಲೂ ನಿಮ್ಮೆದುರು ಬಂದು ನಿಲ್ಲಲ್ಲ. ಮಾತು ಕೊಡ್ತೀನಿ."

ಎಷ್ಟು ನೇರವಾಗಿ ಕೇಳಿಬಿಟ್ಟ… ಇಲ್ಲ ಎನ್ನಲು ಬಾಗಿಲು ತೆರೆದಿಟ್ಟೇ ಕೇಳಿದ್ದ. ಅದಕ್ಕೇ ಅವಳಿಗೆ ಇಲ್ಲ ಎನ್ನುವ ಯೋಚನೆಯೇ ಬರಲಿಲ್ಲ.

"ನನಗೂ ಗೊತ್ತಿತ್ತು," ಎಂದಳು ತಲೆ ತಗ್ಗಿಸಿ.

"ಏನು?"

"ನಿಮಗೆ ಸುತ್ತು ಬರುತ್ತೆ ಅಂತ. ಹೋದ ತಿಂಗಳೇ ಅನುಮಾನ ಬಂದಿತ್ತು. ಬೇಕಂತಲೇ ಸೊಟ್ಟ ಬರೆಯೋಕೂ ಒಂದು ಕೈಚಳಕ ಬೇಕು. ಅದು ನಿಮಗಿಲ್ಲ."

"ಮತ್ತೆ ಮುಂದಿನ ವಾರ ನೋಡೋಣ ಅಂತಿದ್ರಿ?"

"ನನಗೂ ಶನಿವಾರ ಬೇಕಿತ್ತು."

ಅವನು ನಕ್ಕ. ಇಷ್ಟು ದಿನದಲ್ಲಿ ಅವನು ಹಾಗೆ ಎದೆ ತುಂಬ ನಕ್ಕಿದ್ದನ್ನು ಅವಳು ಕಂಡಿರಲಿಲ್ಲ. ನಗುತ್ತಲೇ ಕಣ್ಣೊರೆಸಿಕೊಂಡು ಕೆನ್ನೆಗೆಲ್ಲ ನೀಲಿ ಬಣ್ಣ ಮೆತ್ತಿಕೊಂಡ. ಅವಳು ಕರ್ಚೀಫು ತೆಗೆದು, ಸುತ್ತ ಯಾರಿದ್ದಾರೆಂದೂ ನೋಡದೆ, ಅದನ್ನು ಒರೆಸಿದಳು. ಬಣ್ಣ ಹೋಗಲಿಲ್ಲ, ಇನ್ನಷ್ಟು ಹರಡಿತು.

"ಹಾಗಾದ್ರೆ ಶನಿವಾರ ಬರ್ತೀರಾ?" ಎಂದ ಅವನು.

"ಯಾಕೆ?" ಎಂದಳು ಅವಳು. "ನಾಳೆ ಬಂದ್ರೆ ಆಗಲ್ವಾ?"